ವೆಂಕಜ್ಜಿಯ ಮೊಳೆ

ನದಿಯ ದಂಡೆಯ ಆ ಆಶ್ರಮದಲ್ಲಿ ತೀರಿಹೋದವರ ಚಿತ್ರಗಳನ್ನು ಗೋಡೆಗೆ ಹಾಕುತ್ತಿರಲಿಲ್ಲ. ಬದುಕಿದ್ದವರ ಚಿತ್ರಗಳನ್ನು ಹಾಕುತ್ತಿದ್ದರು.

ಊಟದ ಮನೆಯಲ್ಲಿ ಪ್ರತಿಯೊಬ್ಬರೂ ಕೂರುವ ಜಾಗದ ಮೇಲೆ ಒಂದು ಮೊಳೆ. ಮೊಳೆಗೆ ಅವರವರ ಚಿತ್ರ. ಯಾರಾದರೂ ತೀರಿಕೊಂಡರೆ ಚಿತ್ರವನ್ನು ಇಳಿಸಿ ಅವರ ಕಡೆಯವರಿಗೆ ಕಳುಹಿಸುತ್ತಿದ್ದರು. ಬೇರೆ ಆಸ್ತಿ ಅಲ್ಲಿ ಯಾರಿಗೂ ಇರಲಿಲ್ಲ.

ಚಿತ್ರ ತೆಗೆಯುವ ಕೆಲಸ ಶಿಷ್ಯೆ ಮಂದಾಕಿನಿಯದು. ಅವಳ ಬಳಿ ಅಂಗೈಯಗಲದ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇತ್ತು. ಬ್ಯಾಟರಿಯ ಮುಚ್ಚಳ ನಿಲ್ಲದೆ ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿದ್ದಳು.

ಎಲ್ಲರ ಮೊಳೆಗೂ ಚಿತ್ರ ಬಂದಿತ್ತು. ವೆಂಕಜ್ಜಿಯದು ಮಾತ್ರ ಖಾಲಿ.

ವೆಂಕಜ್ಜಿಗೆ ತಲೆ ನಡುಗುವ ಕಾಯಿಲೆ. ಎಷ್ಟು ಸಲ ತೆಗೆದರೂ ಮುಖದ ಜಾಗದಲ್ಲಿ ಒಂದು ಬಿಳಿಯ ಮಬ್ಬು ಬರುತ್ತಿತ್ತು. ಈಚೆಗೆ ಅವರು ಅನ್ನ ಬಿಟ್ಟು ಗಂಜಿಗೆ ಇಳಿದಿದ್ದರು. ವೈದ್ಯರು ಬಂದು ನೋಡಿ, ಹೊಸ ಔಷಧಿ ಬರೆಯದೆ ಹೋಗಿದ್ದರು.

“ನಾನು ಹೋದ ಮೇಲೆ ನನ್ನ ತಂಗಿಗೆ ಏನು ಕಳಿಸ್ತೀಯೆ?” ಎಂದು ಅಜ್ಜಿ ಕೇಳಿದರು. “ಮೊಳೆ ಕಿತ್ತು ಕಳಿಸ್ತೀಯಾ?”

ಮಂದಾಕಿನಿಗೆ ನಗು ಬರಲಿಲ್ಲ.

ಆಶ್ರಮದ ಭಕ್ತರಾದ ನಾಡಕರ್ಣಿಯವರು ಹೊಸ ಕ್ಯಾಮೆರಾ ಕೊಡಿಸಲು ಒಪ್ಪಿದ್ದರು. ಶುಕ್ರವಾರ ಬರುವಾಗ ತರುತ್ತಾರೆ. ಬೇಕೋ ಬೇಡವೋ ಎಂದು ಗುರುವಾರ ತಿಳಿಸಬೇಕು. ಅವರು ಬಿಟ್ಟುಹೋದ ಬಣ್ಣದ ಪುಸ್ತಿಕೆ ಸಂಜೆಯ ಪಾರಾಯಣದ ಹೊತ್ತಿನಲ್ಲೂ ಮಂದಾಕಿನಿಯ ಮಡಿಲಲ್ಲಿ ತೆರೆದೇ ಇರುತ್ತಿತ್ತು.

ಅವಳು ಗುರುಮಾತೆಯವರ ಬಳಿಗೆ ಹೋದಳು. ಅವರು ಔಷಧಿ ಪೆಟ್ಟಿಗೆಯನ್ನು ಒರೆಸಿ ಜೋಡಿಸುತ್ತಿದ್ದರು.

“ಅಮ್ಮ, ಕ್ಯಾಮೆರಾ ಬದಲಾಯಿಸಬೇಕೆಂದಿದ್ದೇನೆ.”

“ಬದಲಾಯಿಸು.”

“ಬದಲಾಯಿಸಬೇಕೋ ಬೇಡವೋ ಎಂದು ಕೇಳಲು ಬಂದೆ.”

“ಹಾಗಾದರೆ ಹಾಗೆ ಕೇಳು.”

“ಬದಲಾಯಿಸಬೇಕೇ, ಅಮ್ಮ?”

“ಹಳೆಯದರ ದೋಷವೇನು?”

“ಬಹಳ ನಿಧಾನ. ಎದುರಿನವರು ಸ್ವಲ್ಪ ಅಲುಗಿದರೂ ಚಿತ್ರ ಕದಡಿಹೋಗುತ್ತದೆ. ಹೊಸದು ಅದನ್ನೆಲ್ಲ ತಾನೇ ಸರಿಪಡಿಸುತ್ತದೆ. ದೂರದ್ದನ್ನು ಹತ್ತಿರಕ್ಕೆ ತರುತ್ತದೆ. ಹಿಂಬದಿಯ ಪರದೆ ಇದರ ಎರಡರಷ್ಟು. ಕಣ್ಣಿಟ್ಟು ನೋಡುವ ಕಿಂಡಿಯೂ ಇದೆ, ಆದರೆ ಅಂಥ ಪರದೆ ಇರುವಾಗ ಕಿಂಡಿಯನ್ನು ಯಾರೂ ಬಳಸುವುದಿಲ್ಲವಂತೆ.”

“ವೆಂಕಜ್ಜಿ ದೂರದಲ್ಲಿದ್ದಾರೆಯೇ?”

“ಇಲ್ಲ ಅಮ್ಮ. ಪಕ್ಕದ ಕೋಣೆಯಲ್ಲಿದ್ದಾರೆ.”

“ಕರೆದುಕೊಂಡು ಬಾ. ನನ್ನೆದುರು ಒಂದು ಚಿತ್ರ ತೆಗೆ.”

ನದಿಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿದರು. ವೆಂಕಜ್ಜಿ ಹಬ್ಬದ ಸೀರೆ ಉಟ್ಟು ಬಂದು ಕೂತರು.

“ನೆಟ್ಟಗೆ ಕೂತ್ಕೊಳ್ಳಿ ಅಜ್ಜಿ. ಅಲ್ಲಾಡಬೇಡಿ.”

“ನಾನೆಲ್ಲಿ ಅಲ್ಲಾಡ್ತೇನೆ? ಅದೇ ಅಲ್ಲಾಡ್ತದೆ.”

ಅಲ್ಲಾಡಬೇಡಿ ಎಂದ ಮೇಲೆ ತಲೆ ಇನ್ನೂ ಹೆಚ್ಚು ನಡುಗಿತು.

ಮಂದಾಕಿನಿ ಗುಂಡಿ ಒತ್ತಿದಳು. ಒತ್ತಿದ ಕೈಯಲ್ಲೇ ಕ್ಯಾಮೆರಾ ಇಳಿಸಿ ಪರದೆ ನೋಡಿದಳು. ಅದೇ ಬಿಳಿಯ ಮಬ್ಬು.

“ಬಂತಾ?” ಎಂದರು ಅಜ್ಜಿ.

“ಇಲ್ಲ ಅಜ್ಜಿ.”

“ಸೀರೆ ಉಟ್ಟದ್ದೊಂದು ಬಂತು.” ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಗುರುಮಾತೆ ಕೇಳಿದರು: “ವೆಂಕಜ್ಜಿಯನ್ನು ನೋಡಿದೆಯಾ?”

“ನೋಡಿದೆ ಅಮ್ಮ.”

“ಎಲ್ಲಿ?”

ಮಂದಾಕಿನಿ ಪರದೆಯನ್ನು ತೋರಿಸಿದಳು.

ಗುರುಮಾತೆ ಕ್ಯಾಮೆರಾ ಈಸಿಕೊಂಡರು. ಒಳಗೆ ಬಂದು ಔಷಧಿ ಪೆಟ್ಟಿಗೆಯಿಂದ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ಸುರುಳಿ ತೆಗೆದರು. ಪರದೆಯ ಅಳತೆಗೆ ಸರಿಯಾಗಿ ಕತ್ತರಿಸಿ, ಅದರ ಮೇಲೆ ಅಂಟಿಸಿ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದರು.

“ಇದಕ್ಕೂ ಕಿಂಡಿ ಇದೆಯಲ್ಲ?”

“ಇದೆ. ತೀರ ಚಿಕ್ಕದು, ಅಮ್ಮ.”

“ನಿನ್ನ ಕಣ್ಣೇನು ದೊಡ್ಡದೇ?”

“ಚಿತ್ರ ಹೇಗೆ ಬಂತೆಂದು ತಿಳಿಯುವುದು ಹೇಗೆ?”

“ಪೇಟೆಯ ಸ್ಟುಡಿಯೋದವರು ಪ್ರಿಂಟ್ ಹಾಕಿ ಕಳುಹಿಸುತ್ತಾರೆ. ಆಗ ತಿಳಿಯುತ್ತದೆ.”

“ಕೆಟ್ಟಿದ್ದರೆ?”

“ಕೆಟ್ಟಿರುತ್ತದೆ.”

“ಅಷ್ಟರಲ್ಲಿ ಅಜ್ಜಿಗೆ ಏನಾದರೂ ಆದರೆ?”

ಗುರುಮಾತೆ ಕತ್ತರಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. “ಪಟ್ಟಿ ಕೀಳಬೇಡ,” ಎಂದರು.

ಮರುದಿನ ಬೆಳಿಗ್ಗೆ ಮಂದಾಕಿನಿ ಮತ್ತೆ ಕುರ್ಚಿ ಹಾಕಿದಳು. ಗುಂಡಿ ಒತ್ತಿದಳು, ಕ್ಯಾಮೆರಾ ಇಳಿಸಿದಳು, ಪ್ಲಾಸ್ಟರ್ ನೋಡಿದಳು. ಮತ್ತೆ ಒತ್ತಿದಳು. ಮತ್ತೆ ಪ್ಲಾಸ್ಟರ್.

ವೆಂಕಜ್ಜಿ ಕತ್ತು ಚಾಚಿ ನೋಡಿದರು. “ಕ್ಯಾಮೆರಾಗೆ ಗಾಯ ಆಯ್ತಾ?”

“ಅಮ್ಮ ಹಾಕಿದ್ದು.”

“ಹಾಗಾದ್ರೆ ಗಾಯ ನಿನಗೇ ಆಗಿರ್ಬೇಕು.”

ಕುರ್ಚಿಯಲ್ಲಿ ಕೂತು ಅವರಿಗೆ ಬೆನ್ನು ನೋಯುತ್ತಿತ್ತು. ಎದ್ದು ಜಗಲಿಗೆ ಹೋಗಿ, ಹತ್ತಿಯ ಬುಟ್ಟಿಯನ್ನು ಮುಂದೆ ಎಳೆದುಕೊಂಡು, ತಮ್ಮ ನಿತ್ಯದ ಕೆಲಸಕ್ಕೆ ತೊಡಗಿದರು. ಆಶ್ರಮದ ದೀಪಗಳಿಗೆಲ್ಲ ಬತ್ತಿ ಹೊಸೆಯುವವರು ಅವರೇ.

ಮಂದಾಕಿನಿಗೆ ಪರದೆಯಲ್ಲಿ ನೋಡಲು ಏನೂ ಇರಲಿಲ್ಲ. ಅಜ್ಜಿಯ ಎದುರು ಕೂತಳು.

ಅಜ್ಜಿ ಹತ್ತಿಯನ್ನು ಎಳೆದು, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು, ಅಂಗೈಯ ಮೇಲೆ ಹೊಸೆಯುತ್ತಿದ್ದರು. ತಲೆ ನಡುಗುತ್ತಲೇ ಇತ್ತು. ಬತ್ತಿಯ ತುದಿಯನ್ನು ಚೂಪು ಮಾಡುವಾಗ ಮಾತ್ರ ಅವರ ತುಟಿ ಬಿಗಿಯಾಗುತ್ತಿತ್ತು. ಆಗ ತಲೆ ನಿಲ್ಲುತ್ತಿತ್ತು. ತುದಿ ಮುಗಿದ ಕೂಡಲೇ ಮತ್ತೆ ನಡುಕ.

ಮಂದಾಕಿನಿ ಕ್ಯಾಮೆರಾ ಎತ್ತಲಿಲ್ಲ. ಇನ್ನೊಂದು ಬತ್ತಿ ನೋಡಿದಳು. ಮತ್ತೊಂದು ನೋಡಿದಳು. ಬುಟ್ಟಿಯ ಹತ್ತಿ ಅರ್ಧಕ್ಕೆ ಇಳಿಯಿತು.

ಆಮೇಲೆ ಕಿಂಡಿಗೆ ಕಣ್ಣಿಟ್ಟಳು. ಅಜ್ಜಿಯ ಬೆರಳು ತುದಿಗೆ ಬಂತು. ತುಟಿ ಬಿಗಿಯಾಯಿತು. ಅವಳು ಒತ್ತಿದಳು.

ಹಳೆಯ ಕ್ಯಾಮೆರಾ ತನ್ನ ಹೊತ್ತು ತೆಗೆದುಕೊಂಡು ಸದ್ದು ಮಾಡಿತು. ಮಂದಾಕಿನಿ ಅದನ್ನು ಇಳಿಸಲಿಲ್ಲ.

“ತೆಗೆದ್ಯಾ?” ಎಂದರು ಅಜ್ಜಿ, ತಲೆ ಎತ್ತದೆ.

“ಗೊತ್ತಿಲ್ಲ ಅಜ್ಜಿ.”

ಕ್ಯಾಮೆರಾದ ಕಾರ್ಡು ಹಾಲಿನ ವ್ಯಾನಿನಲ್ಲಿ ಪೇಟೆಗೆ ಹೋಯಿತು. ಆ ರಾತ್ರಿ ಅಜ್ಜಿ ಗಂಜಿಯನ್ನೂ ಬೇಡವೆಂದರು. ಮಾರನೆಯ ದಿನ ಎರಡು ಗುಟುಕು ಕುಡಿದರು. ಮಂದಾಕಿನಿ ಪ್ಲಾಸ್ಟರಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮತ್ತೆ ಒತ್ತಿದಳು.

ಗುರುವಾರ ಮಧ್ಯಾಹ್ನ ಲಕೋಟೆ ಬಂತು.

ಮೊದಲಿನ ಚಿತ್ರಗಳೆಲ್ಲ ಮಬ್ಬು. ಕೊನೆಯದರಲ್ಲಿ ವೆಂಕಜ್ಜಿ ಇದ್ದರು. ಕೆನ್ನೆಯ ಸುಕ್ಕು, ಮೇಲ್ದುಟಿಗೆ ಅಂಟಿದ ಹತ್ತಿಯ ಎಳೆ, ಬೆರಳ ತುದಿಯಲ್ಲಿ ನೆಟ್ಟ ಕಣ್ಣು.

ಅವಳು ಅದನ್ನು ಅಜ್ಜಿಯ ಹಾಸಿಗೆಯ ಬಳಿಗೆ ಒಯ್ದಳು. ಅಜ್ಜಿ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಇವಳು ನಮ್ಮಮ್ಮ,” ಎಂದರು. “ಇವಳನ್ನು ಯಾವಾಗ ತೆಗೆದೆ?”

“ನೀವೇ ಅಜ್ಜಿ.”

ಅಜ್ಜಿ ಇನ್ನೂ ಸ್ವಲ್ಪ ಹೊತ್ತು ನೋಡಿದರು.

“ತಂಗಿಗೆ ಹಾಗೆ ಹೇಳ್ಬೇಡ. ಅಮ್ಮ ಅಂತಲೇ ತಿಳ್ಕೊಳ್ಳಲಿ.”

ಊಟದ ಮನೆಯ ಕೊನೆಯ ಮೊಳೆಗೆ ಚಿತ್ರ ಬಂತು.

ಸಂಜೆ ಮಂದಾಕಿನಿ ಗುರುಮಾತೆಯವರ ಎದುರು ಬಂದು ನಿಂತಳು.

“ಅಮ್ಮ, ನಾಡಕರ್ಣಿಯವರಿಗೆ ಫೋನು ಮಾಡಿ ಹೊಸ ಕ್ಯಾಮೆರಾ ಬೇಡವೆಂದು ಹೇಳುತ್ತೇನೆ.”

“ಯಾಕೆ?”

“ದೋಷ ಹಳೆಯದರದ್ದಲ್ಲ. ನನ್ನದು.”

“ಅದರ ಮುಚ್ಚಳ ನಿಲ್ಲುತ್ತದೆಯೇ?”

“ಇಲ್ಲ ಅಮ್ಮ. ರಬ್ಬರ್ ಬ್ಯಾಂಡಿನಿಂದ ನಿಂತಿದೆ.”

“ಹಾಗಾದರೆ ಅದರದ್ದೂ ಇದೆ. ಎಲ್ಲವೂ ನಿನ್ನದೇ ಆಗಬೇಕೆಂಬ ಆಸೆ ಯಾಕೆ?”

ಮಂದಾಕಿನಿ ತಲೆ ತಗ್ಗಿಸಿದಳು. ಹಾಗೆಯೇ ಕೇಳಿದಳು: “ತರಲು ಹೇಳಲೇ?”

ಗುರುಮಾತೆ ಔಷಧಿ ಪೆಟ್ಟಿಗೆಯನ್ನು ತೆರೆದರು. ಪ್ಲಾಸ್ಟರಿನ ಸುರುಳಿಯನ್ನು ತೆಗೆದು ಅವಳ ಕೈಯಲ್ಲಿಟ್ಟರು.

“ಹೇಳು. ಅದರ ಪರದೆ ಎರಡರಷ್ಟು ಎಂದಿದ್ದೆ. ಇಷ್ಟು ಸಾಕಾಗುತ್ತದೆಯೇ ನೋಡು.”