ಹಿತ್ತಾಳೆ ತಪ್ಪಲೆಯ ಬಿಸಿ

ನಾಮಕರಣದ ದಿನವೇ ಗ್ಯಾಸ್ ಮುಗಿದುಹೋಯಿತು. ನೆಂಟರು ಎಲೆಯ ಮುಂದೆ ಕೂತಾಗಿತ್ತು, ಸಜ್ಜಿಗೆ ಇನ್ನೂ ಆಗಿರಲಿಲ್ಲ. ಭಾಗೀರಥಮ್ಮ ಹೊಸ ಇಂಡಕ್ಷನ್ ಒಲೆಯ ಮೇಲೆ ಹಿತ್ತಾಳೆ ತಪ್ಪಲೆಯನ್ನಿಟ್ಟರು. ಮೂರು ತಲೆಮಾರಿನ ಶುಭಕಾರ್ಯಗಳಿಗೆ ಸಿಹಿ ಬೇಯಿಸಿದ ತಪ್ಪಲೆ ಅದು. ಅದು ಪಕ್ಕದಲ್ಲಿದ್ದ ಕಬ್ಬಿಣದ ಬಾಣಲೆಗೆ, "ದೂರ ಸರಿ, ನನ್ನ ಮೈಬಿಸಿ ನೀನು ತಾಳಲಾರೆ" ಎಂದಿತು.

ಒಲೆ ಕುಂಯ್‌ಗುಟ್ಟಿತು. ತಪ್ಪಲೆ ತಣ್ಣಗೇ ಉಳಿಯಿತು.

"ಇದಕ್ಕೆ ಆಗೋದಿಲ್ಲ ಕಣೇ, ಬಾಣಲೆ ಕೊಡು" ಎಂದು ಭಾಗೀರಥಮ್ಮ ಸೊಸೆಗೆ ಹೇಳಿ ತಪ್ಪಲೆಯನ್ನು ಕೆಳಗಿಳಿಸಿದರು. ಬಾಣಲೆಯನ್ನಿಟ್ಟಿದ್ದೇ ತಡ, ತುಪ್ಪ ಕರಗಿ ರವೆ ಘಮ್ಮೆಂದಿತು. ತಪ್ಪಲೆ ದಂಗಾಯಿತು.

"ಅದಕ್ಕೆ ಬೆಂಕಿ ಕೊಟ್ಟೆ, ನನಗೇಕೆ ಕೊಡಲಿಲ್ಲ?" ಎಂದು ಒಲೆಯನ್ನು ಕೇಳಿತು.

"ನನ್ನಲ್ಲಿ ಬೆಂಕಿಯೇ ಇಲ್ಲ," ಎಂದಿತು ಒಲೆ. "ಅಯಸ್ಕಾಂತದ ಸೆಳೆತದಿಂದ ಕರೆಯುತ್ತೇನೆ, ಅಷ್ಟೇ. ಕಬ್ಬಿಣ ಓಗೊಡುತ್ತದೆ, ಬಿಸಿ ಅದರ ಮೈಯಲ್ಲೇ ಹುಟ್ಟುತ್ತದೆ."

"ಹಾಗಾದರೆ ಇಷ್ಟು ಕಾಲ ನನ್ನಲ್ಲಿದ್ದ ಬಿಸಿ?"

"ಅದು ಸೌದೆಯದು, ಗ್ಯಾಸಿನದು."

ಅಷ್ಟರಲ್ಲಿ ಸೊಸೆ ಬಡಿಸಲೆಂದು ಸಜ್ಜಿಗೆಯನ್ನು ತಪ್ಪಲೆಯೊಳಗೆ ಸುರಿದಳು. ಮೈ ಬೆಚ್ಚಗಾದಾಗ ತಪ್ಪಲೆ ಮೆಲ್ಲಗೆ, "ಬಾಣಲೆಯಕ್ಕಾ, ಈ ಬಿಸಿ ನಿನ್ನದು" ಎಂದಿತು.