ಕಾರ್ಡಿಗೆ ಇಸ್ತ್ರಿ ಹಾಕಿದ ದರ್ಜಿ

"ಗುರುಗಳೇ, ಮೋಸ ಮಾಡಿದವನಿಗೆ ಶಾಪ ಹಾಕಿದರೆ ತಟ್ಟುತ್ತದೆಯೇ?"

ಶಿಷ್ಯ ಕೊಟ್ರೇಶ ಬಂದವನೇ ಕೇಳಿದ ಮಾತು ಇದು. ಹೊಸಿಲಾಚೆ ಚಪ್ಪಲಿ ಬಿಟ್ಟಿದ್ದ, ಸಿಟ್ಟು ಬಿಟ್ಟಿರಲಿಲ್ಲ.

"ಯಾರಪ್ಪ ಮೋಸ ಮಾಡಿದವನು?" ಎಂದರು ಗುರುಗಳು.

"ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಫೋನಿನಲ್ಲಿ ಕಾರ್ಡು ಮಾರುವವನು. ಆಟಗಾರರ ಚಿತ್ರದ ಹಳೆಯ ಕಾರ್ಡು ಕೂಡಿಡುತ್ತೇನಲ್ಲ, ಅದು. ಫೋಟೋದಲ್ಲಿ ಕನ್ನಡಿಯ ಹಾಗಿತ್ತು. ಬಂದದ್ದು ನೋಡಿದರೆ ಮೂಲೆ ಮುರಿದಿದೆ. ಕೇಳಿದರೆ, ಕಳಿಸುವಾಗ ಚೆನ್ನಾಗಿತ್ತು ಅಂತಾನೆ. ಅವನ ಮನೆ ಹಾಳಾಗ!"

"ಎಲ್ಲಿ, ಆ ಕಾರ್ಡು ತೋರಿಸು."

"ತಂದಿಲ್ಲ" ಎಂದು ಕೊಟ್ರೇಶ ಬೇರೆ ಕಡೆ ನೋಡಿದ. ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು. ಅದನ್ನು ಅಂಗೈಯಲ್ಲಿ ಅದುಮಿ ಹಿಡಿದ.

ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ದರ್ಜಿಗಳೆಂದರೆ ಉಳಿದ ಬಟ್ಟೆ ಉಳಿಸಿಕೊಳ್ಳುವವರು ಎಂದು ಜನ ಆಡಿಕೊಳ್ಳುತ್ತಾರೆ, ಇವನನ್ನು ಮಾತ್ರ ಯಾರೂ ಹಾಗೆ ಆಡಿಕೊಂಡವರಲ್ಲ. ರವಿಕೆ ಹೊಲಿದ ಮೇಲೆ ನಾಲ್ಕು ಬೆರಳು ಬಟ್ಟೆ ಉಳಿದರೆ ಅದನ್ನೂ ಮಡಿಸಿ, ರವಿಕೆಯ ಒಳಗಿಟ್ಟು ಕೊಡುವನು. "ಈ ಚೂರು ತಗೊಂಡು ಏನು ಮಾಡಲಪ್ಪ, ಇಲಿಗೆ ಲಂಗ ಹೊಲಿಸಲಾ?" ಎಂದು ಹೆಂಗಸರು ನಗುವರು. "ಏನಾದರೂ ಮಾಡಿ ತಾಯಿ. ನಿಮ್ಮದು ನಿಮ್ಮ ಮನೆಗೆ ಹೋಗಲಿ. ನನ್ನ ಕೈಗೆ ಸುಳ್ಳು ಗೊತ್ತಿಲ್ಲ" ಎನ್ನುವನು. ಹಾಗೆನ್ನುವಾಗ ಬಲಗೈಯನ್ನು ಎದುರಿಗೆ ಹಿಡಿದು ತೋರಿಸುವನು. ಅವನಿಗಿದ್ದ ಆಸ್ತಿ ಎಂದರೆ ಆ ಕೈ ಒಂದೇ.

ಈ ದರ್ಜಿಗೆ ಒಂದು ಹುಚ್ಚಿತ್ತು. ಅವನು ಹುಡುಗನಾಗಿದ್ದಾಗ ಚೂಯಿಂಗ್ ಗಮ್ ಪೊಟ್ಟಣದೊಳಗೆ ಕ್ರಿಕೆಟ್ ಆಟಗಾರರ ಕಾರ್ಡು ಬರುತ್ತಿದ್ದವು. ಹನ್ನೊಂದು ಕಾರ್ಡು ಸೇರಿದರೆ ಒಂದು ತಂಡ. ಇವನಿಗೆ ಹತ್ತು ಸಿಕ್ಕವು, ವಿಕೆಟ್ ಕೀಪರ್ ಸಿಗಲಿಲ್ಲ. ಗಮ್ ತಿಂದು ತಿಂದು ಹಲ್ಲು ಹೋದವು, ಗಮ್ ಮಾಡುವ ಕಂಪನಿಯೇ ಹೋಯಿತು, ತಲೆ ನರೆಯಿತು. ಕೀಪರ್ ಬರಲಿಲ್ಲ. ಆ ಹತ್ತು ಕಾರ್ಡು ತೆಗೆದು ನೋಡಿದಾಗಲೆಲ್ಲ ಎದೆಯ ಗುಂಡಿ ಕಿತ್ತುಹೋದ ಅಂಗಿ ತೊಟ್ಟ ಹಾಗೆ ಅನ್ನಿಸುವುದು.

ಹೀಗಿರುವಾಗ, ಫೋನಿನೊಳಗೆ ಹಳೆಯ ಕಾರ್ಡುಗಳ ಸಂತೆಯೊಂದು ಇದೆ ಎಂದು ಯಾರೋ ಹೇಳಿದರು. ದರ್ಜಿ ಹುಡುಕಿದ. ಕೀಪರ್ ಇದ್ದ! ಎರಡೂ ಕೈಗೆ ಗ್ಲೌಸು ತೊಟ್ಟು, ಬಾಗಿ, ಇವನನ್ನೇ ನೋಡುತ್ತಿದ್ದ. ದರ್ಜಿ ಒಡನೆ ದುಡ್ಡು ಕಳಿಸಿದ. ಅದೇ ವಾರ ಆ ಹಳೆಯ ಕೀಪರ್ ಯಾವುದೋ ಟಿವಿ ಕಾರ್ಯಕ್ರಮದಲ್ಲಿ ಬಂದು ಕುಳಿತ. ಕಾರ್ಡಿನ ಬೆಲೆ ಏರಿತು. ಮಾರುವವನು "ಕಾರ್ಡು ಕಳೆದುಹೋಗಿದೆ, ಕ್ಷಮಿಸಿ" ಎಂದು ದುಡ್ಡು ವಾಪಸ್ ಹಾಕಿ ವ್ಯಾಪಾರ ಮುರಿದ. ಮರುದಿನ ನೋಡಿದರೆ ಅದೇ ಕಾರ್ಡು, ಅದೇ ಮೇಜು, ಪಕ್ಕದಲ್ಲಿ ಅದೇ ಟೀ ಲೋಟ. ಬೆಲೆ ಮಾತ್ರ ಎರಡರಷ್ಟು.

ದರ್ಜಿ ಸಿಟ್ಟು ನುಂಗಿಕೊಂಡ. ಇನ್ನೊಬ್ಬನ ಹತ್ತಿರ ಕೊಂಡ. ಆ ಪುಣ್ಯಾತ್ಮ ಕಾರ್ಡು ಅಲುಗಾಡಬಾರದೆಂದು ಅದರ ಮುಖದ ಮೇಲೆಯೇ ಟೇಪು ಅಂಟಿಸಿ ಕಳಿಸಿದ್ದ. ಮೆತ್ತಗೆ ಬಿಡಿಸಿದರೂ ಕಾರ್ಡಿನಲ್ಲಿ ಗ್ಲೌಸು ಉಳಿದವು, ಕೀಪರನ ಮೂತಿ ಟೇಪಿಗೆ ಹೋಯಿತು.

ಮೂರನೆಯದು ಬಂತು. ಫೋಟೋದಲ್ಲಿ ಹೊಸ ನೋಟಿನ ಹಾಗಿದ್ದ ಕಾರ್ಡು. ಕೈಗೆ ಬಂದಾಗ ನೋಡಿದರೆ ಎದೆಯ ಮೇಲೆ ಅಡ್ಡಕ್ಕೆ ಮಡಿಕೆ ಬಿದ್ದಿದೆ. ಫೋಟೋ ತೆಗೆಯುವಾಗ ಕಾರ್ಡನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟು, ಮಡಿಕೆಯ ಮೇಲೆಯೇ ಬೆಳಕು ಹೊಳೆಯುವ ಹಾಗೆ ಹಿಡಿದಿದ್ದಾನೆ! ದರ್ಜಿ ಸಂತೆ ನಡೆಸುವವರಿಗೆ ದೂರು ಬರೆದ. "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ" ಎಂದು ಉತ್ತರ ಬಂತು. ಮತ್ತೆ ಬರೆದ. ಮತ್ತೆ ಅದೇ ವಿಷಾದ. ನಾಲ್ಕನೆಯ ಸಲ, "ವಿಷಾದಿಸುವವನು ಮನುಷ್ಯನೋ ಗೋಡೆಯೋ?" ಎಂದು ಬರೆದ. ಅದಕ್ಕೂ ವಿಷಾದಿಸಿದರು.

ಮಾರಿದವನಿಗೇ ಫೋನು ಮಾಡಿದ.

"ಸ್ವಾಮಿ, ನಾನು ಇಲ್ಲದ್ದನ್ನು ತೋರಿಸಿದೆನಾ?" ಎಂದ ಮಾರಿದವನು.

"ಇದ್ದದ್ದನ್ನು ತೋರಿಸಲಿಲ್ಲವಲ್ಲೋ!" ಎಂದು ದರ್ಜಿ ಕಿರುಚಿದ. ಆ ಕಡೆ ಫೋನು ಇಟ್ಟುಬಿಟ್ಟರು.

ಆವತ್ತಿನಿಂದ ದರ್ಜಿಗೆ ಅನ್ನ ಸೇರದು. ಹೊಲಿಯುತ್ತಿದ್ದರೂ ಬಾಯಿ ಬೈಯುತ್ತಿರುವುದು. ದಾರ ಹರಿದರೆ ಆ ಮಾರಿದವನಿಗೆ ಬೈಗುಳ, ಸೂಜಿ ಮುರಿದರೆ ಅವನಿಗೆ ಬೈಗುಳ.

"ಅಂಗೈ ಅಗಲದ ಕಾಗದಕ್ಕೆ ಇಷ್ಟು ಸಿಟ್ಟಾ? ಒಲೆಗೆ ಹಾಕಿ, ಹಾಲಾದರೂ ಕಾಯುತ್ತೆ" ಎಂದಳು ಹೆಂಡತಿ.

"ಹಾಕ್ತೀನಿ. ನನ್ನ ದುಡ್ಡು ಯಾರು ಕೊಡ್ತಾರೆ, ನಿಮ್ಮಪ್ಪನಾ?"

ಹಾಗೆಂದವನ ಕಣ್ಣು ಇಸ್ತ್ರಿಪೆಟ್ಟಿಗೆಯ ಮೇಲೆ ಬಿತ್ತು. ಎಂಥೆಂಥ ಮಡಿಕೆಗಳನ್ನು ಕೂರಿಸಿದ ಕೈ ಅವನದು. ಗೂಟದ ಮೇಲಿದ್ದ ತೆಳುವಾದ ಮಲ್‌ಬಟ್ಟೆ ತೆಗೆದು ನೀರು ಚಿಮುಕಿಸಿ ಕಾರ್ಡಿನ ಮೇಲೆ ಹಾಸಿದ. ಹದವಾಗಿ ಕಾದ ಪೆಟ್ಟಿಗೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿದ. ಎತ್ತಿ ನೋಡಿದರೆ ಮಡಿಕೆ ಮಾಯ.

ಫೋಟೋ ತೆಗೆದು ಸಂತೆಗೆ ಹಾಕಿದ. ಕೆಳಗೆ ಬರೆದ: "ಚಿಕ್ಕಂದಿನಿಂದ ಜೋಪಾನ ಮಾಡಿದ ಕಾರ್ಡು. ಮಡಿಕೆ ಇಲ್ಲ." ಹೊತ್ತು ಇಳಿಯುವಷ್ಟರಲ್ಲಿ ದೂರದ ಊರಿನ ಯಾರೋ ಕೊಂಡರು. ದರ್ಜಿಯ ಹೊಟ್ಟೆ ತಣ್ಣಗಾಯಿತು. ನಾನೇನು ಕದ್ದೆನೇ, ನನ್ನದು ನನಗೆ ಬಂತು, ಅಷ್ಟೇ ಎಂದುಕೊಂಡ. ಅದೇ ಸಂಜೆ ಒಬ್ಬ ಹೆಂಗಸಿಗೆ ಎರಡು ಬೆರಳು ಬಟ್ಟೆ ಮಡಿಸಿ ವಾಪಸ್ ಕೊಟ್ಟ. ನನ್ನ ಕೈಗೆ ಸುಳ್ಳು ಗೊತ್ತಿಲ್ಲ ತಾಯಿ ಎಂದೂ ಹೇಳಿದ.

ಮೂರು ವರ್ಷ ಕಳೆಯಿತು.

ಮತ್ತೆ ಒಂದು ಕೀಪರ್ ಕಾರ್ಡು ಸಂತೆಗೆ ಬಂತು. ಈ ಸಲ ದರ್ಜಿ ಮೋಸ ಹೋಗುವವನಲ್ಲ. ಮುಂದಿನದು, ಹಿಂದಿನದು, ನಾಲ್ಕು ಮೂಲೆಯದು ಎಂದು ಆರು ಫೋಟೋ ತರಿಸಿದ. ಕವರಿನಿಂದ ಹೊರಗೆ ತೆಗೆದು ವಿಡಿಯೋ ಮಾಡಿಸಿದ. ಮಾರುವವನು ಬೇಸರಪಡದೆ ಎಲ್ಲ ಕಳಿಸಿದ. ದರ್ಜಿ ಹೊಸ ಹೊಲಿಗೆ ಯಂತ್ರಕ್ಕೆಂದು ಎತ್ತಿಟ್ಟಿದ್ದ ದುಡ್ಡು ಸುರಿದು ಕೊಂಡ. ಕಾರ್ಡು ಎರಡು ರಟ್ಟಿನ ನಡುವೆ ಭದ್ರವಾಗಿ ಬಂತು. ಹನ್ನೊಂದು ಕಾರ್ಡನ್ನೂ ಚೌಕಟ್ಟಿನಲ್ಲಿ ಜೋಡಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ. ಹೆಂಡತಿ ಕೂಡ ಸೆರಗಿನಿಂದ ಗಾಜು ಒರೆಸಿ, "ಅಂತೂ ಬಂದನಲ್ಲ ನಿಮ್ಮ ಅಳಿಯ" ಎಂದಳು.

ಆಮೇಲೆ ಮಳೆ ಹಿಡಿಯಿತು. ಗೋಡೆ ತಂಪೇರಿತು, ಚೌಕಟ್ಟಿನೊಳಗೆ ತೇವ ಸೇರಿತು. ಒಂದು ಬೆಳಿಗ್ಗೆ ಅಂಗಡಿ ತೆರೆದು ನೋಡುತ್ತಾನೆ, ಕೀಪರನ ಎದೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಎದ್ದಿದೆ.

ದರ್ಜಿಗೆ ತಿಳಿಯದೇ? ಅಂಥ ಗೆರೆ ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ ಎಂದು ನೋಡುತ್ತಲೇ ಕೂದಲು ನರೆಸಿಕೊಂಡವನು. ಇಸ್ತ್ರಿ! ಯಾರೋ ಇಸ್ತ್ರಿ ಹಾಕಿ ಮಾರಿದ್ದಾರೆ! ಮೈಯೆಲ್ಲ ಉರಿದುಹೋಯಿತು. ಕಾಲಿನಿಂದ ಸ್ಟೂಲು ಒದ್ದ. ಫೋನು ಎತ್ತಿಕೊಂಡು ಮಾರಿದವನ ಹೆಸರಿನ ಕೆಳಗೆ, ಸಂತೆಯವರೆಲ್ಲ ಓದುವ ಜಾಗದಲ್ಲಿ, ಒಂದೇ ನಕ್ಷತ್ರ ಒತ್ತಿ ಬರೆದ: "ಇವನು ಕಳ್ಳ. ಮುರಿದ ಕಾರ್ಡಿಗೆ ಇಸ್ತ್ರಿ ಹಾಕಿ ಮಾರಿದ್ದಾನೆ. ನನ್ನ ಹೊಟ್ಟೆ ಉರಿಸಿದವನ ಹೊಟ್ಟೆ ಉರಿಯಲಿ. ಈ ಇಸ್ತ್ರಿ ಹಾಕಿದ ಕೈ ಸೇದಿಹೋಗಲಿ." ಬೆರಳು ಕುಟ್ಟಿ ಕಳಿಸಿದ. ಒಮ್ಮೆ ಬರೆದದ್ದನ್ನು ಅಳಿಸಲು ಬರುವುದಿಲ್ಲ, ಅದು ಆ ಸಂತೆಯ ಕಟ್ಟಳೆ.

ಇನ್ನು ಸಾಕ್ಷಿಗೆ ಫೋಟೋ ತೆಗೆಯಬೇಕು. ಚೌಕಟ್ಟು ಬಿಚ್ಚಿ ಕಾರ್ಡನ್ನು ಬೆಳಕಿಗೆ ಹಿಡಿದ. ಸೂಜಿಗೆ ದಾರ ಪೋಣಿಸುವಾಗ ಬಳಸುವ ಭೂತಗನ್ನಡಿಯಲ್ಲಿ ನೋಡಿದ. ಮಡಿಕೆಯ ಸುತ್ತ ಕಾರ್ಡಿನ ಹೊಳಪಿನ ಮೇಲೆ ಸಣ್ಣ ಸಣ್ಣ ಚೌಕಗಳು ಅಚ್ಚಾಗಿದ್ದವು. ಯಾವುದೋ ಬಟ್ಟೆಯ ನೇಯ್ಗೆ ಅದು. ಆ ನೇಯ್ಗೆಯ ನಡುವೆ ಒಂದು ಕಡೆ, ಹರಿದ ಬಟ್ಟೆಗೆ ಹಾಕಿದ ರಫೂವಿನ ಗುರುತು. ಓರೆಯಾಗಿ ಮೂರು ಎಳೆ, ಅದನ್ನು ದಾಟಿ ಎರಡು ಎಳೆ.

ದರ್ಜಿ ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟ.

ಎದ್ದು ಹೋಗಿ ಗೂಟದ ಮೇಲಿನ ಮಲ್‌ಬಟ್ಟೆ ತಂದ. ಹಿಂದೊಮ್ಮೆ ಅದು ಹರಿದಾಗ ತಾನೇ ರಫೂ ಹಾಕಿದ್ದ. ಕಾರ್ಡಿನ ಮೇಲೆ ಹಾಸಿ ಸರಿಸಿದ, ಮತ್ತೆ ಸರಿಸಿದ. ಓರೆಯ ಮೂರು ಎಳೆ, ದಾಟಿದ ಎರಡು ಎಳೆ. ಎಳೆಗೆ ಎಳೆ ಕೂಡಿತು.

ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಮಾರಿದವನು ಬರೆದಿದ್ದ: "ಅಣ್ಣಾ, ಮೂರು ವರ್ಷದ ಹಿಂದೆ ನಾನೂ ಈ ಸಂತೆಯಲ್ಲೇ ಕೊಂಡದ್ದು. ಮಡಿಕೆ ಇಲ್ಲ ಅಂತ ಬರೆದಿದ್ದರು, ನಂಬಿಬಿಟ್ಟೆ. ನಮ್ಮ ಊರಲ್ಲಿ ಬಿಸಿಲೇ ಜಾಸ್ತಿ, ಗೆರೆ ಏಳಲೇ ಇಲ್ಲ. ನಿಮ್ಮ ದುಡ್ಡು ಪೂರ್ತಿ ವಾಪಸ್ ಹಾಕಿದ್ದೇನೆ. ಮಾರಿದವರ ಹೆಸರು ನೆನಪಿಲ್ಲ, ಆ ಕೈ ಯಾರದೋ ಏನೋ, ನಿಮ್ಮ ಶಾಪಕ್ಕೆ ನಂದನ್ನೂ ಸೇರಿಸಿಕೊಳ್ಳಿ."

ದರ್ಜಿ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ. ಹೊರಗೆ ಯಾರೋ ರವಿಕೆಗೆಂದು ಬಂದು ಕರೆದರು. ಅವನು ಏಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕೊಟ್ರೇಶ ಮುಂದಕ್ಕೆ ಜರುಗಿದ. "ಆಮೇಲೆ? ಆ ಶಾಪ ಅವನಿಗೆ ತಟ್ಟಿತೇ, ಗುರುಗಳೇ?"

ಅವನ ಜೇಬಿನಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಅವನ ಕೈ ಅದನ್ನು ಅದುಮಲು ಹೋಯಿತು.

"ಎತ್ತಿ ಮಾತಾಡಪ್ಪ, ಮುರಿದ ಮೂಲೆ ಬಿಟ್ಟು ನೀನು ಫೋಟೋ ತೆಗೆದ ಕಾರ್ಡಿಗೆ ಆಗಿನಿಂದ ಗಿರಾಕಿ ಕರೆಯುತ್ತಿದ್ದಾನೆ" ಎಂದರು ಗುರುಗಳು.

ಕೊಟ್ರೇಶ ಜೇಬಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡ.