ಕೋಟೆ ಬಾಗಿಲಲ್ಲಿ ತವರು

ನೀವು ಹೂಂ ಅಂತಿರಬೇಕು, ಆಗಲೇ ನಾನು ಹೇಳೋದು. ಹೀಗೊಂದು ಸೀಮೆ ಇತ್ತಂತೆ, ಸೀಮೆಗೊಬ್ಬ ದೊರೆ ಇದ್ದನಂತೆ. ದೊರೆಗೆ ಆನೆ ಇತ್ತು, ಕುದುರೆ ಇತ್ತು, ಏಳು ಅಂಕಣದ ಅರಮನೆ ಇತ್ತು. ಕೋಟೆ ಒಂದಿರಲಿಲ್ಲ.

ಕೋಟೆ ಇಲ್ಲದ ದೊರೆ ಎಂಥಾ ದೊರೆ ಅಂತ ಅವನಿಗೇ ಅನ್ನಿಸಿ, ನಾಕೂ ದಿಕ್ಕಿಗೆ ಡಂಗುರ ಹೊಡೆಸಿದ. ಮಣ್ಣು ಕೆಲಸ ಬಲ್ಲವರು ನಲವತ್ತು ಒಕ್ಕಲು ಬಂದರು. ತಂತಮ್ಮ ಊರಲ್ಲಿದ್ದ ಅಂಗೈಯಗಲ ಜಾಗ ಬಿಟ್ಟು, ಮಕ್ಕಳು ಮರಿ ಕಟ್ಟಿಕೊಂಡು ಬಂದರು. ದೊರೆ ಅಂದ, "ಕೆಲಸ ಮುಗಿಯೋವರೆಗೆ ಈ ಬಯಲಲ್ಲಿ ಗುಡಿಸಲು ಹಾಕ್ಕೊಳ್ಳಿ. ನಿಮ್ಮನ್ನ ಯಾರೂ ಏನೂ ಅನ್ನೋದಿಲ್ಲ."

ಬಂದವರಿಗೆ ಗುಡಿಸಲು ಹಾಕ್ಕೊಳ್ಳಿ ಅಂದದ್ದು ಕೇಳಿಸಿತು. ಕೆಲಸ ಮುಗಿಯೋವರೆಗೆ ಅಂದದ್ದು ಅಷ್ಟಾಗಿ ಕೇಳಿಸಲಿಲ್ಲವಂತೆ.

ಆ ನಲವತ್ತರಲ್ಲಿ ಗಾದ್ರಯ್ಯ ಅಂತ ಒಬ್ಬ, ಅವನ ಹೆಂಡತಿ ಸಂಕವ್ವ. ಅವನು ಮಣ್ಣು ತುಳಿದು ಗೋಡೆ ಎಬ್ಬಿಸಿದರೆ ಇವಳು ಅಂಗೈಯಲ್ಲಿ ಸವರಿ ಮೆತ್ತುತ್ತಿದ್ದಳು. ಇವಳು ಮೆತ್ತಿದ ಗೋಡೆ ಮೇಲೆ ಇರುವೆ ಹತ್ತಿದರೂ ಜಾರಬೇಕು, ಅಂಥ ಕೈ. ಹಗಲೆಲ್ಲ ದೊರೆಯ ಗೋಡೆ, ಸಂಜೆ ತಮ್ಮ ಗುಡಿಸಲಿನ ಗೋಡೆ. ಹೀಗೇ ಒಂದಲ್ಲ ಎರಡಲ್ಲ, ಹದಿನೆಂಟು ವರ್ಷ. ಅಲ್ಲೇ ಅವರಿಗೊಬ್ಬಳು ಮಗಳು ಹುಟ್ಟಿದಳು. ನೀಲವ್ವ ಅಂತ ಹೆಸರಿಟ್ಟರು. ಅಲ್ಲೇ ಅಂಬೆಗಾಲಿಟ್ಟಳು, ಅಲ್ಲೇ ನೆರೆದಳು. ಮೂರು ದಿನ ನಡೆಯೋ ದಾರಿಯ ಒಂದು ಹಳ್ಳಿಗೆ ಅವಳನ್ನ ಕೊಟ್ಟರು.

ಗಂಡನ ಮನೆಗೆ ಹೊರಟಾಗ ನೀಲವ್ವ ತಾಯಿಯ ಸೆರಗು ಬಿಡಲಿಲ್ಲ.

"ಅಳಬೇಡ ನನ್ನವ್ವಾ," ಅಂದಳು ಸಂಕವ್ವ. "ಪಂಚಮಿಗೆ ಬಾ. ಚೊಚ್ಚಲು ಬಾಣಂತನಕ್ಕೆ ಬಾ. ನಿನ್ನ ತವರು ಎಲ್ಲಿಗೆ ಹೋಗುತ್ತೆ? ಇಲ್ಲೇ ಇರುತ್ತೆ."

ಮಗಳು ಹೋದ ತಿಂಗಳಿಗೇ ಕೋಟೆ ಮುಗಿಯಿತು. ದೊರೆ ಬುರುಜು ಹತ್ತಿ ನಿಂತು ಕೆಳಗೆ ನೋಡಿದ.

"ಏನಯ್ಯಾ ಅದು, ನನ್ನ ಗೋಡೆ ಬುಡದಲ್ಲಿ ಗೆದ್ದಲು ಹತ್ತಿದ ಹಾಗೆ?"

ಮಂತ್ರಿ ಅಂದ, "ಕೆಲಸದವರ ಗುಡಿಸಲು ಪ್ರಭೂ."

"ಕೆಲಸ ಮುಗಿಯಿತಲ್ಲ?"

ಮಾರನೆ ದಿನ ಆನೆ ಬಂತು. ನಲವತ್ತು ಗುಡಿಸಲು, ಒಂದು ಹೊತ್ತಿನ ಕೆಲಸ. ಆ ಜಾಗದಲ್ಲಿ ದೊರೆ ಹೂವಿನ ತೋಟ ಹಾಕಿಸಿದ. ಕೆಲವರು ಹಳೇ ಊರಿಗೆ ಹೋಗಿ ನೋಡಿದರು. ಹದಿನೆಂಟು ವರ್ಷದಲ್ಲಿ ಅವರ ಜಾಗವನ್ನ ಯಾರೋ ಉತ್ತಿದ್ದರು, ಯಾರೋ ಬಿತ್ತಿದ್ದರು. ನೀವು ಯಾರು ಅಂತ ಕೇಳಿದರಂತೆ.

ಗಾದ್ರಯ್ಯ ಸಂಕವ್ವ ಕೆರೆ ಏರಿಯ ಪಕ್ಕಕ್ಕೆ ಹೋಗಿ ಗುಡಿಸಲು ಹಾಕಿದರು. ಹೋಗೋ ಮುಂಚೆ ಸಂಕವ್ವ ತೋಟದ ಮಾಲಿಯ ಹತ್ತಿರ ಬಂದಳು. "ಅಣ್ಣಾ, ನನ್ನ ಮಗಳು ಬಂದರೆ ನಿಮ್ಮವ್ವ ಕೆರೆ ಹತ್ತಿರ ಇದಾಳೆ ಅಂತ ಹೇಳು."

ಮಳೆಗಾಲ ಬಂತು. ನೀರುಗಂಟಿ ಬಂದ, ಕೆರೆ ನೀರು ಬಿಡೋ ಅಧಿಕಾರ ಅವನದು. "ಇದು ನೀರಿನ ಜಾಗ. ಏಳಿ," ಅಂದ. ಸಂಕವ್ವ ಅವನ ಹೆಂಡತಿಗೆ ಹೇಳಿ ಹೋದಳು, "ಅಕ್ಕಾ, ನನ್ನ ಮಗಳು ಬಂದರೆ ನಿಮ್ಮವ್ವ ಕಾಡಂಚಿಗೆ ಹೋದಳು ಅಂತ ಹೇಳು."

ಕಾಡಂಚಿಗೆ ಹೋದರೆ ಬೇಟೆಯವರು ಬಂದರು. "ಇದು ದೊರೆಯ ಜಿಂಕೆಯ ಜಾಗ. ಏಳಿ."

ನೀರಿಗೆ ಜಾಗ ಇತ್ತು, ಜಿಂಕೆಗೆ ಜಾಗ ಇತ್ತು, ಹೂವಿಗೆ ಜಾಗ ಇತ್ತು. ನಲವತ್ತು ಒಕ್ಕಲು ನಲವತ್ತು ದಾರಿ ಹಿಡಿದವು.

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಡಂಗುರ. ಮನೆ ಇಲ್ಲದವರು ಕೋಟೆಯೊಳಗೆ ಕಾಲಿಡಬಾರದು. ಬಾಗಿಲ ಕಾವಲಿನವರು ಯಾರ ಮನೆ ಅಂತ ಕೇಳಿದರೆ ಹೇಳಬೇಕು, ಹೇಳದಿದ್ದರೆ ಛಡಿ ಏಟು. ಮನೆ ಕಟ್ಟಬೇಕಾದರೆ ಊರ ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿಯಲ್ಲಿ ಹೆಸರಿರಬೇಕಾದರೆ ಮನೆ ಇರಬೇಕು. ಇದನ್ನ ಬರೆದ ಶಾನುಭೋಗನಿಗೂ ಎಲ್ಲೋ ಒಂದು ಕಡೆ ತಪ್ಪಿದೆ ಅನ್ನಿಸಿತ್ತಂತೆ, ಆದರೆ ಎಲ್ಲಿ ಅಂತ ಗೊತ್ತಾಗಲಿಲ್ಲವಂತೆ.

ದೊರೆಯೇನು ಕಟುಕನಲ್ಲ. ಕೋಟೆ ಹೊರಗೆ ಒಂದು ಛತ್ರ ಕಟ್ಟಿಸಿದ. ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು, ನಡುವೆ ಗೋಡೆ. ಸಂಜೆ ಗಂಜಿ. ಬೆಳಿಗ್ಗೆ ಎಲ್ಲರೂ ಎದ್ದು ಹೊರಗೆ ಹೋಗಬೇಕು.

ಗಾದ್ರಯ್ಯನಿಗೆ ಕಾಡಲ್ಲಿ ಹಿಡಿದ ಜ್ವರ ಬಿಟ್ಟಿರಲಿಲ್ಲ. ಛತ್ರದ ಬಾಗಿಲಲ್ಲಿ ಅವನು ಅಂದ, "ಸಂಕೀ, ಮೂವತ್ತು ವರ್ಷ ಆಯ್ತು, ನಿನ್ನ ಕೆಮ್ಮು ಕೇಳದೆ ನಾನು ಮಲಗಿದವನಲ್ಲ."

"ಗೋಡೆ ಆಚೇನೇ ಇರ್ತೀನಿ. ಜೋರಾಗಿ ಕೆಮ್ಮುತೀನಿ, ಮಲಕ್ಕೊಳ್ಳಿ," ಅಂದಳು ಸಂಕವ್ವ.

ಕೆಮ್ಮಿದಳು. ಆಚೆಯಿಂದ ಅವನೂ ಗೋಡೆ ತಟ್ಟಿದ. ಬೆಳಗಾಗಿ ಎಲ್ಲರನ್ನೂ ಹೊರಗೆ ಕಳಿಸಿದಾಗ ಗಂಡಸರ ಸಾಲಿನಿಂದ ಗಾದ್ರಯ್ಯ ಬರಲಿಲ್ಲ. ಅವನು ಹೋದದ್ದು ಅವಳಿಗೆ ಆಗಲೇ ಗೊತ್ತಾದದ್ದು.

ಸಂಕವ್ವ ಮತ್ತೆ ಛತ್ರಕ್ಕೆ ಹೋಗಲಿಲ್ಲ. ಕೋಟೆ ಬಾಗಿಲಿನ ಗೋಡೆಗೆ ಮಳೆ ಹೊಡೆದು ಮಣ್ಣು ಉದುರಿತ್ತು. ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದಳು, "ನನಗೆ ಬೇರೆಲ್ಲೂ ಬೇಡ ಸ್ವಾಮಿ. ಈ ಬಾಗಿಲ ಕೆಲಸ ಕೊಡಿ."

ಯಾಕೆ ಈ ಬಾಗಿಲು? ಊರಿಗೆ ಇದ್ದದ್ದು ಅದೊಂದೇ ಬಾಗಿಲು. ಯಾರು ಬಂದರೂ ಅದರಲ್ಲೇ ಬರಬೇಕು. ಮೆತ್ತೋದು, ತಿರುಗಿ ದಾರಿ ನೋಡೋದು. ಮತ್ತೆ ಮೆತ್ತೋದು, ಮತ್ತೆ ನೋಡೋದು. ಎರಡು ದಿನದ ಕೆಲಸವನ್ನ ಇಪ್ಪತ್ತು ದಿನ ಮಾಡಿದಳಂತೆ. ಮೇಸ್ತ್ರಿ ಬೈದ, ಬೈದು ಸುಮ್ಮನಾದ.

ಅತ್ತ ನೀಲವ್ವನಿಗೆ ಒಂಬತ್ತು ತುಂಬಿತ್ತು. ಅವಳ ಗಂಡ ಗಾಡಿಯಲ್ಲಿ ಕರಕೊಂಡು ಬಂದು ತವರಿನ ದಾರಿಗೆ ಬಿಟ್ಟು, ಬಿತ್ತನೆ ಇದೆ ಅಂತ ಹಿಂದಕ್ಕೆ ಹೋದ. ಬಂದು ನೋಡುತ್ತಾಳೆ, ತಾನು ಅಂಬೆಗಾಲಿಟ್ಟ ಜಾಗದಲ್ಲಿ ಸಂಪಿಗೆ ಗಿಡ.

"ಮಾಲಿಯಣ್ಣಾ, ನಮ್ಮ ಮನೆ?"

"ಕೆರೆ ಹತ್ತಿರ ಹೋಗವ್ವಾ."

ಕೆರೆ ಹತ್ತಿರ ನೀರುಗಂಟಿಯ ಹೆಂಡತಿ, "ಕಾಡಂಚಿಗೆ ಹೋಗವ್ವಾ, ನಿಮ್ಮವ್ವ ಹಂಗೇ ಹೇಳಿದ್ಲು," ಅಂದಳು. ಬಸುರಿಯ ಮುಖ ನೋಡಿ ಒಂದು ರೊಟ್ಟಿ ಕೊಟ್ಟಳು. ಕಾಡಂಚಲ್ಲಿ ಜಿಂಕೆ ಇದ್ದವು, ಮನುಷ್ಯರಿರಲಿಲ್ಲ. ನೀಲವ್ವ ಸೊಂಟಕ್ಕೆ ಕೈ ಕೊಟ್ಟುಕೊಂಡು ತಿರುಗಿ ಬಂದಳು. ಹೊತ್ತು ನೆತ್ತಿಗೇರಿತ್ತು, ನೋವು ಶುರುವಾಗಿತ್ತು. ಕೋಟೆ ಬಾಗಿಲಿಗೆ ಬಂದು ನಿಂತಳು.

ಕಾವಲಿನವನು ಭರ್ಜಿ ಅಡ್ಡ ಇಟ್ಟ. "ಯಾರ ಮನೆ?"

"ನಮ್ಮವ್ವನ ಮನೆ."

"ಎಲ್ಲಿದೆ?"

ಎಲ್ಲಿದೆ ಅಂತ ಹೇಳಿಯಾಳು? "ಅವ್ವಾ!" ಅಂತ ಕೂಗಿ ಅಲ್ಲೇ ಕೂತಳು.

ಮೇಲೆ ಅಟ್ಟಣೆಯಲ್ಲಿದ್ದ ಸಂಕವ್ವನ ಕೈಯಿಂದ ಮಣ್ಣಿನ ಬುಟ್ಟಿ ಬಿತ್ತು. ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲವಂತೆ. ಭರ್ಜಿ ಹಿಡಿದವನನ್ನ ತಳ್ಳಿ, ಮಗಳನ್ನ ಬಾಗಿಲ ಪಕ್ಕದ ಕಾವಲು ಗೂಡಿಗೆ ಎಳಕೊಂಡು, ತನ್ನ ಸೀರೆಯನ್ನೇ ಮರೆ ಕಟ್ಟಿದಳು. ಹೊತ್ತು ವಾಲೋ ಹೊತ್ತಿಗೆ ಕೋಟೆ ಬಾಗಿಲಲ್ಲಿ ಕೂಸು ಅತ್ತಿತು. ಹೆಣ್ಣು ಕೂಸು.

ಸುದ್ದಿ ಅರಮನೆಗೆ ಹೋಯಿತು. ಪುರೋಹಿತರು ತಲೆ ಮೇಲೆ ಕೈ ಹೊತ್ತರು. "ಬಾಗಿಲಲ್ಲಿ ಪುರುಡು ಪ್ರಭೂ, ಹೆರಿಗೆಯ ಮೈಲಿಗೆ! ಹತ್ತು ದಿನ ತಾವು ಈ ಬಾಗಿಲು ದಾಟೋ ಹಾಗಿಲ್ಲ, ಬಾಣಂತಿಯನ್ನ ಎಬ್ಬಿಸೋ ಹಾಗೂ ಇಲ್ಲ."

ದೊರೆ ಕಿಡಿಕಿಡಿಯಾಗಿ ಬಂದು ದೂರದಲ್ಲೇ ನಿಂತು ಗುಡುಗಿದ. "ಯಾರವಳು? ಹೆರೋದಕ್ಕೆ ನನ್ನ ಕೋಟೆ ಬಾಗಿಲೇ ಬೇಕಾಯ್ತಾ?"

ಸಂಕವ್ವ ಎದ್ದು ನಿಂತಳು. ಮೊಣಕೈವರೆಗೂ ಮಣ್ಣು.

"ಚೊಚ್ಚಲಿಗೆ ಹೆಣ್ಣುಮಕ್ಕಳು ತವರಿಗೇ ಬರೋದು ಒಡೆಯಾ. ನನ್ನ ಮಗಳೂ ತವರಿಗೆ ಬಂದಳು."

"ಇದು ಹೇಗೆ ನಿನ್ನ ಮನೆ?"

"ಈ ಗೋಡೆ ನಾನು ಮೆತ್ತಿದ್ದು, ನನ್ನ ಗಂಡ ಎಬ್ಬಿಸಿದ್ದು. ನಾವು ಕಟ್ಟಿದ ಗೋಡೆ ಇನ್ನೂ ಬೇಕಾದಷ್ಟಿದ್ದವು. ಒಂದರ ಮೇಲೆ ಆನೆ ಬಂತು, ಒಂದಕ್ಕೆ ನೀರು ಬಂತು, ಒಂದಕ್ಕೆ ನಿಮ್ಮ ಜಿಂಕೆ ಬಂತು. ನೀವು ಕೆಡವದೆ ಉಳಿಸಿದ ಗೋಡೆ ಇದೊಂದೇ ಒಡೆಯಾ. ಬಾಣಂತನ ಇನ್ನೆಲ್ಲಿ ಮಾಡಲಿ?"

ದೊರೆ ಒಂದು ಸಲ ಗೋಡೆ ನೋಡಿದ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ಹತ್ತು ದಿನ ದೊರೆ ಕೋಟೆಯೊಳಗೇ ಉಳಿದ. ಹೊರಗೆ ಹೋಗೋ ಹಾಗಿಲ್ಲ, ಒಳಗೆ ಕೂತರೆ ಕಾಲು ನಿಲ್ಲೋದಿಲ್ಲ. ದಿನಾ ಬುರುಜು ಹತ್ತುತ್ತಿದ್ದ. ಬಾಗಿಲಲ್ಲಿ ಅಜ್ಜಿ ಕಾಲು ಚಾಚಿಕೊಂಡು ಕೂಸಿಗೆ ಎರೆಯುತ್ತಿರೋದು ಕಾಣುತ್ತಿತ್ತು. ಕಾವಲಿನವನೇ ನೀರು ಕಾಯಿಸಿ ತಂದು ಕೊಡುತ್ತಿದ್ದ. ತೋಟದ ಕಡೆ ನೋಡಿದರೆ ದೊರೆಗೆ ಹೂವು ಕಾಣದೆ ನಲವತ್ತು ಒಲೆಯ ಹೊಗೆ ಕಂಡ ಹಾಗಾಗುತ್ತಿತ್ತಂತೆ.

ಹನ್ನೊಂದನೆ ದಿನ ಸಂಕವ್ವನನ್ನ ಕರೆಸಿದ. "ನಿನಗೆ ಕೋಟೆಯೊಳಗೆ ಒಂದು ಮನೆ ಕೊಡ್ತೀನಿ ತಾಯಿ. ಮಗಳನ್ನ ಕರಕೊಂಡು ಬಾ."

"ನನ್ನೊಬ್ಬಳ ಮಗಳೇ ಮಗಳಾ ಒಡೆಯಾ? ನಲವತ್ತು ಒಕ್ಕಲಲ್ಲೂ ಗಂಡನ ಮನೆಗೆ ಕೊಟ್ಟ ಮಕ್ಕಳಿದಾರೆ. ಅವರೆಲ್ಲ ಎಲ್ಲಿಗೆ ಬರಬೇಕು?"

ದೊರೆ ಮಾರನೆ ದಿನವೇ ತೋಟ ಕೀಳಿಸಿದ. ಆ ಬಯಲನ್ನ ನಲವತ್ತು ಪಾಲು ಮಾಡಿ, ಇಲ್ಲಿ ಕಟ್ಟಿದ ಗೋಡೆಯನ್ನ ನಾನೂ ಕೆಡವಬಾರದು, ನನ್ನ ಮೊಮ್ಮಗನೂ ಕೆಡವಬಾರದು ಅಂತ ಕಲ್ಲಲ್ಲಿ ಕೊರೆಸಿ ನೆಡಿಸಿದ. ಯಾರ ಮನೆ ಅಂತ ಕೇಳೋ ಕಟ್ಟಳೆಯನ್ನ ತೆಗೆಸಿದ. ನಲವತ್ತು ಒಕ್ಕಲನ್ನ ಹುಡುಕೋಕೆ ಡಂಗುರದವರು ನಾಕೂ ದಿಕ್ಕಿಗೆ ಹೋದರು.

ಹೋದವರು ವರ್ಷ ಕಳೆದು ಬಂದರು. ಸಿಕ್ಕಿದ್ದು ಹನ್ನೊಂದು ಒಕ್ಕಲು. ಉಳಿದವರು ಯಾವ ಊರ ದಾರಿಯಲ್ಲಿ, ಯಾವ ಮರದ ಕೆಳಗೆ ಇದ್ದರೋ, ಇರಲಿಲ್ಲವೋ, ಯಾರಿಗೂ ತಿಳಿಯಲಿಲ್ಲ. ಹನ್ನೊಂದು ಮನೆ ಎದ್ದವು. ಅದರಲ್ಲೊಂದು ಸಂಕವ್ವನದು. ಹೊಸ ಗೋಡೆ ಮೆತ್ತಿ ಮುಗಿಸಿ ಒಳಗೆ ಕೂತ ದಿನ ಅವಳು ಸುಮ್ಮನೆ ಒಂದು ಸಲ ಕೆಮ್ಮಿ, ಗೋಡೆಗೆ ಕಿವಿ ಕೊಟ್ಟು ಕೂತಿದ್ದಳಂತೆ.

ಇಪ್ಪತ್ತೊಂಬತ್ತು ಪಾಲು ಖಾಲಿ. ಬೇರೆಯವರಿಗೆ ಕೊಡೋಣವೇ ಅಂತ ದೊರೆ ಕೇಳಿದರೆ ಹನ್ನೊಂದು ಮನೆಯ ಹೆಂಗಸರು ಬೇಡ ಅಂದರು. ದಿನಾ ತಮ್ಮ ಅಂಗಳ ಗುಡಿಸಿ, ಆ ಖಾಲಿ ಜಾಗವನ್ನೂ ಗುಡಿಸಿ ನೀರು ಚಿಮುಕಿಸುತ್ತಿದ್ದರು.

ಪ್ರತಿ ಪಂಚಮಿಗೂ ಒಬ್ಬಳಲ್ಲ ಒಬ್ಬಳು ಬಂದೇ ಬರುತ್ತಿದ್ದಳಂತೆ. ಕಂಕುಳಲ್ಲೊಂದು ಕೂಸು, ತಲೆ ಮೇಲೊಂದು ಗಂಟು. ಬೀದಿ ತುದಿಯಲ್ಲಿ ನಿಂತು, ಗುಡಿಸಿಟ್ಟ ಖಾಲಿ ನೆಲ ನೋಡಿ, "ಇಲ್ಲಿ ನಮ್ಮಪ್ಪ ಅವ್ವ ಇದ್ದರು," ಅನ್ನುತ್ತಿದ್ದಳು.

ಆಗ ಯಾವುದಾದರೂ ಬಾಗಿಲಿಂದ ಒಬ್ಬ ಹೆಂಗಸು ತಂಬಿಗೆ ನೀರು ಹಿಡಿದು ಬಂದು, "ಕಾಲು ತೊಳಕೋ ಮಗಳೇ, ಬಂದ್ಯಾ?" ಅನ್ನುತ್ತಿದ್ದಳು.

ಅವರ ಬಾಗಿಲು ಅಲ್ಲಿ ತೆರೆದೇ ಇದೆ, ನನ್ನ ಕಥೆ ಇಲ್ಲಿಗೆ ಮುಚ್ಚಿತು. ಹೂಂ ಅಂದವರೆಲ್ಲ ಈಗ ನಿಮ್ಮ ನಿಮ್ಮ ಮನೆಗೆ ಹೊರಡಿ, ಇಲ್ಲದವರು ನಮ್ಮ ಮನೆಗೆ ಬನ್ನಿ.